ಎರಡು ಬ್ರೇಕಿನ ಕಾರು, ಹದಿನಾಲ್ಕು ದಿನದ ಗಡುವು

ನನ್ನ ನಾದಿನಿಯನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುವುದು. ಹೆತ್ತವರಿಟ್ಟ ಹೆಸರು ಈಗ ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ. ಇಪ್ಪತ್ತಾರು ವರ್ಷಗಳಿಂದ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಾಳೆ. ಕಲಿಸುವಾಗ ಗದರುವವಳಲ್ಲ, ಲೊಚಗುಟ್ಟುವವಳಲ್ಲ, ಹಣೆ ಚಚ್ಚಿಕೊಳ್ಳುವವಳೂ ಅಲ್ಲ. ಗೇರು ಕಿರ್ರೆಂದರೆ “ಪರ್ವಾಗಿಲ್ಲ, ಅದಕ್ಕೂ ನೋವಾಗುತ್ತೆ, ಇನ್ನೊಂದ್ಸಲ ಮೆತ್ತಗೆ ಹಾಕು” ಎನ್ನುತ್ತಾಳೆ. ಅವಳು ದನಿ ಏರಿಸುವುದು ಒಂದೇ ಒಂದು ಮಾತಿಗೆ. ಎದುರಿಗೆ ಮಗುವೋ ನಾಯಿಯೋ ಅಡ್ಡ ಬಂದಾಗ “ಬ್ರೇಕ್!” ಎಂದು ಕೂಗುತ್ತಾಳೆ. ಆ ಕೂಗಿಗೆ ಪಕ್ಕದ ರಸ್ತೆಯ ಸೈಕಲ್ಲುಗಳೂ ನಿಲ್ಲುತ್ತವೆ ಎಂದು ಜನ ನಗುತ್ತಾರೆ. ಹೆಸರು ಬಂದದ್ದು ಹಾಗೆ.

ಅವಳ ಗಂಡ ಒಂದು ದಿನ ಕಿತ್ತುಹೋದ ಚಪ್ಪಲಿ ಹೊಲಿಸಿಕೊಂಡು ಬರುತ್ತೇನೆಂದು ಹೋದವನು ವಾಪಸು ಬರಲಿಲ್ಲ. ಆಗ ಅವಳಿಗೆ ಇಪ್ಪತ್ತೆಂಟು. “ಚಪ್ಪಲಿ ಹೊಲಿದಾಯ್ತು ಅನ್ಸುತ್ತೆ, ನಡೆದೂ ನಡೆದೂ ದೂರ ಹೋಗ್ಬಿಟ್ಟ” ಎಂದು ಒಂದು ವರ್ಷದ ಮೇಲೆ ಅವಳೇ ತಮಾಷೆ ಮಾಡಿದಳು. ಒಂದು ಪೆಟ್ಟಿಗೆ ಹೊತ್ತುಕೊಂಡು ಅಣ್ಣನ ಮನೆಗೆ, ಅಂದರೆ ನಮ್ಮ ಮನೆಗೆ ಬಂದಳು. ಬಿಸ್ಕತ್ತು ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿ ಕೆಲಸ ಹಿಡಿದಳು. ಅಲ್ಲಿನ ವ್ಯಾನ್ ಡ್ರೈವರ್ ಮುದುಕನಿಗೆ ಕಣ್ಣು ಮಂಜಾಗಿತ್ತು. ರಿವರ್ಸ್ ತೆಗೆಯುವಾಗ ಹಿಂದೆ ನಿಂತು “ಬರ್ಲಿ, ಬರ್ಲಿ” ಎನ್ನಲು ಇವಳನ್ನು ಕರೆಯುತ್ತಿದ್ದ. ಬರ್ಲಿ ಎನ್ನುತ್ತ ಎನ್ನುತ್ತ ಇವಳೇ ಸೀಟಿಗೆ ಬಂದಳು. ಹಾಗೆ, ಮುಂದಕ್ಕೆ ಓಡಿಸುವುದಕ್ಕಿಂತ ಮೊದಲು ಹಿಂದಕ್ಕೆ ಓಡಿಸಲು ಕಲಿತವಳು ಅವಳು. ಫ್ಯಾಕ್ಟರಿ ಬಾಗಿಲು ಹಾಕಿದಾಗ ಕೈಗೆ ಬಂದದ್ದರಲ್ಲಿ ಹಳೆಯ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದಳು.

ನನ್ನ ಯಜಮಾನರು ವೆಲ್ಡಿಂಗ್ ಕೆಲಸದವರು. ಪಕ್ಕದ ಸೀಟಿನ ಕಾಲಬುಡದಲ್ಲಿ ಎರಡನೆಯ ಬ್ರೇಕ್ ಪೆಡಲು ಕೂರಿಸಿದ್ದು ಅವರೇ. ಮೂರು ದಿನ ಕಾರಿನಡಿ ಮಲಗಿದ್ದರು. “ತಂಗಿ, ಇದು ನಿನ್ನ ಕಾಲಿಗೆ ನಾನು ತೊಡಿಸೋ ಗೆಜ್ಜೆ. ಸದ್ದು ಮಾಡ್ಬಾರ್ದು, ಕೆಲಸ ಮಾಡ್ಬೇಕು” ಎಂದಿದ್ದರು. ಲೈಸೆನ್ಸ್ ಆಫೀಸಿನವರು ಅದನ್ನು ಒತ್ತಿ, ಎಳೆದು, ಜಗ್ಗಿ ನೋಡಿ ಮೊಹರು ಹಾಕಿಕೊಟ್ಟರು. ಆ ಕಾರು ಹೋಗಿ ಈ ಕಾರು ಬಂದಾಗ ಅದೇ ಪೆಡಲನ್ನು ಬಿಚ್ಚಿ ಇದಕ್ಕೆ ಹಾಕಿದರು. ಈಗ ಅವರಿಲ್ಲ. ಪೆಡಲು ಇದೆ.

ನಾನು ಹಿಂದಿನ ಸೀಟಿನವಳು. ಗಂಡಸಿಲ್ಲದ ಕಾರಿನಲ್ಲಿ ಸೊಸೆಯನ್ನು ಒಬ್ಬಳೇ ಕಳಿಸಲು ಕೆಲವು ಮನೆಯವರು ಮೊದಮೊದಲು ಹಿಂದೆಮುಂದೆ ನೋಡುತ್ತಿದ್ದರು. ಹಿರಿಯ ಹೆಂಗಸೊಬ್ಬಳು ಜೊತೆಗಿದ್ದಾಳೆ ಎಂದರೆ ಒಪ್ಪುತ್ತಿದ್ದರು. ಹೀಗೆ ಶುರುವಾದದ್ದು ಅಭ್ಯಾಸವಾಯಿತು. ನನ್ನ ಓದು ಮೂರನೇ ಕ್ಲಾಸಿಗೇ ನಿಂತಿತು. ಬರೆದಿಟ್ಟುಕೊಳ್ಳಲು ಬಾರದ ಕಾಲದಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಇಟ್ಟುಕೊಳ್ಳುವುದನ್ನು ರೂಢಿಸಿಕೊಂಡೆ. ಉಲ್ಲನ್ನು ಹೆಣೆಯುತ್ತ ಕೂತಿರುತ್ತೇನೆ, ಕಿವಿ ಮುಂದಿನ ಸೀಟಿನಲ್ಲಿರುತ್ತದೆ.

ಬ್ರೇಕಕ್ಕನದು ಒಂದು ಕಟ್ಟುನಿಟ್ಟು. ಕಲಿಯುವವಳ ಕೈ ಸ್ಟೀರಿಂಗಿನ ಮೇಲಿರುವಷ್ಟು ಹೊತ್ತು ಇವಳ ಎರಡೂ ಕೈ ತೊಡೆಯ ಮೇಲೆ, ಕಾಲು ಪೆಡಲಿನ ಮೇಲೆ, ಫೋನು ಮುಂದಿನ ಡಬ್ಬಿಯೊಳಗೆ. ಸತ್ತರೂ ತೆಗೆಯುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಒಬ್ಬರಾದ ಮೇಲೊಬ್ಬರು ಕಲಿಯಲು ಬರುತ್ತಾರೆ. ಅಂದರೆ ಅಷ್ಟು ಹೊತ್ತೂ ಆ ಫೋನು ಇದ್ದೂ ಇಲ್ಲದ ಹಾಗೆ. ಇದನ್ನು ನೆನಪಿಟ್ಟುಕೊಳ್ಳಿ. ವಿಮೆ ಕಂಪನಿಯವರು ಅವಳ ಕತ್ತು ಹಿಡಿದದ್ದು ಇದರಲ್ಲೇ.

ಪ್ರತಿವರ್ಷ ಕಾರಿನ ವಿಮೆಯನ್ನು ಬಸ್ ನಿಲ್ದಾಣದ ಹಿಂದಿನ ಒಂದು ಸಣ್ಣ ಆಫೀಸಿನಲ್ಲಿ ಮಾಡಿಸುತ್ತಿದ್ದೆವು. ಈ ವರ್ಷ ಹೋದರೆ ಅಲ್ಲಿ ಮೊಬೈಲ್ ಕವರಿನ ಅಂಗಡಿ. ಹಳೆಯ ಪಾಲಿಸಿ ತಿಂಗಳ ಮೂವತ್ತಕ್ಕೆ ಮುಗಿಯುವುದಿತ್ತು. ಅದೇ ಹೊತ್ತಿಗೆ ಹೊಸ ಕಂಪನಿಯೊಂದರಿಂದ ಫೋನು ಬಂತು. ಹನ್ನೊಂದನೇ ತಾರೀಖು. ನೀರಿನ ಟ್ಯಾಂಕಿನ ಹತ್ತಿರ ಕಾರು ನಿಲ್ಲಿಸಿ, ಕಲಿಯಲು ಬರುವ ದಾದಿ ಹುಡುಗಿಗಾಗಿ ಕಾಯುತ್ತಿದ್ದೆವು. ಪಾಠ ಶುರುವಾಗಿರಲಿಲ್ಲ, ಹಾಗಾಗಿ ಬ್ರೇಕಕ್ಕ ಫೋನು ತೆಗೆದಳು, ಸ್ಪೀಕರಿಗೆ ಹಾಕಿದಳು. ಆ ಕಡೆಯವನ ದನಿ ಬೆಣ್ಣೆ ಸವರಿದ ಹಾಗಿತ್ತು.

“ಮೇಡಂ, ಕಾರಿಗೆ ಏನಾದ್ರೂ ಬದಲಾವಣೆ ಮಾಡ್ಸಿದೀರಾ?”

“ಹೂಂ. ನನ್ನ ಕಾಲಡೀಲೂ ಒಂದು ಬ್ರೇಕಿದೆ. ನಾನು ಡ್ರೈವಿಂಗ್ ಕಲಿಸ್ತೀನಪ್ಪ. ಓಡಿಸೋರು ಕಲಿಯೋರು, ನಾನು ಪಕ್ಕದಲ್ಲಿ.”

“ಓಹೋ, ಟೀಚರ್! ಎರಡು ಬ್ರೇಕಂದ್ರೆ ಡಬಲ್ ಸೇಫ್ಟಿ ಮೇಡಂ. ಎಲ್ಲ ಸೇರುತ್ತೆ ಇದ್ರಲ್ಲಿ, ಯೋಚ್ನೆ ಬೇಡ.”

“ಕಲಿಯೋರು ಓಡಿಸಿದ್ರೂ ಸೇರುತ್ತಲ್ವಾ? ಸರಿಯಾಗಿ ಹೇಳು.”

“ಸೇರುತ್ತೆ ಮೇಡಂ. ಇಷ್ಟವಾಗ್ಲಿಲ್ಲ ಅಂದ್ರೂ ಹದಿನಾಲ್ಕು ದಿನ ಕೂಲಿಂಗ್ ಆಫ್ ಪೀರಿಯಡ್ ಇದೆ. ಅಷ್ಟರೊಳಗೆ ಬೇಡ ಅಂದ್ಬಿಡಿ, ಒಂದು ಪೈಸೆ ಹಿಡ್ಕೊಳ್ಳಲ್ಲ.”

ಅಷ್ಟರಲ್ಲಿ ಹಿಂದೆ ನೀರಿನ ಲಾರಿಯೊಂದು ರಿವರ್ಸಿನ ಹಾಡು ಹಾಡುತ್ತ ಬಂತು. ದಾದಿ ಹುಡುಗಿ ಓಡಿ ಬಂದು ಬಾಗಿಲು ತೆಗೆದು “ಅಕ್ಕ, ಲೇಟಾಯ್ತು, ಬೈಬೇಡಿ” ಎಂದಳು. ಬ್ರೇಕಕ್ಕ “ಸರಿನಪ್ಪ, ಮಾಡು” ಎಂದು ಫೋನಿಟ್ಟಳು. ದುಡ್ಡು ಸಂಜೆಯೇ ಹೋಯಿತು.

ಈ ದಾದಿ ಹುಡುಗಿಯ ವಿಷಯ ಹೇಳಬೇಕು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಗೊತ್ತಾಗಿತ್ತು, ಆದರೆ ಲೈಸೆನ್ಸ್ ಬೇಕಿತ್ತು. ಎರಡು ಸಲ ಫೇಲು. ಮೂರನೆಯ ಪರೀಕ್ಷೆ ಮುಂದಿನ ತಿಂಗಳ ಮೂರಕ್ಕೆ, ಈ ಕಾರಿನಲ್ಲೇ. ಆ ಹೊತ್ತಿಗೆ ಕಲಿಯುವವರಿಗೂ ಸೇರುವ ವಿಮೆ ಇರದಿದ್ದರೆ ಪರೀಕ್ಷೆಯ ಮೈದಾನದ ಗೇಟಿನೊಳಗೂ ಬಿಡುವುದಿಲ್ಲ.

ಹದಿನೇಳಕ್ಕೆ ಪಾಲಿಸಿ ಅಂಚೆಯಲ್ಲಿ ಬಂತು. ಬ್ರೇಕಕ್ಕ ಕನ್ನಡಕ ಏರಿಸಿ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದಳು. ಮೂರನೆಯ ಪುಟದಲ್ಲಿ ಬೆರಳು ನಿಂತಿತು. ಬದಲಾವಣೆ: ಇಲ್ಲ. ಬಳಕೆ: ಸ್ವಂತಕ್ಕೆ ಮಾತ್ರ. ಕಲಿಕಾ ಚಾಲಕರು: ಸೇರುವುದಿಲ್ಲ.

“ಅತ್ತಿಗೆ, ನಾನು ಅವನಿಗೆ ಏನಂದೆ?”

ಅವಳು ಹೇಳಿದ್ದನ್ನು, ಅವನು ಹೇಳಿದ್ದನ್ನು, ಲಾರಿ ಹಾಡಿದ್ದನ್ನೂ ಹೇಳಿದೆ.

“ಮತ್ತೆ ಈ ‘ಇಲ್ಲ’ ಎಲ್ಲಿಂದ ಬಂತು?”

ಆ ಕ್ಷಣವೇ ಕಂಪನಿಗೆ ಫೋನು ಮಾಡಿದಳು. ಈ ಸಲ ಫೋನೆತ್ತಿದ್ದು ಒಬ್ಬ ಹೆಂಗಸು. ಪಾಲಿಸಿ ಬೇಡ, ರದ್ದು ಮಾಡಿ ಎಂದಳು ಇವಳು. ಆಗಲಿ, ರದ್ದತಿ ವಿಭಾಗದವರು ಮೂರು ದಿನದಲ್ಲಿ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ ಎಂದಳು ಅವಳು. “ಹಗಲು ನಾನು ಫೋನ್ ತೆಗೆಯಲ್ಲಮ್ಮ, ಕಾರಲ್ಲಿರ್ತೀನಿ. ಆರರ ಮೇಲೆ ಮಾಡೋಕೆ ಹೇಳು.” “ಖಂಡಿತ ಮೇಡಂ, ಬರ್ಕೊಂಡಿದೀನಿ.”

ಏನು ಬರೆದುಕೊಂಡಳೋ. ಹದಿನೆಂಟನೇ ತಾರೀಖು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಹತ್ತೊಂಬತ್ತನೇ ತಾರೀಖು ಹನ್ನೊಂದು ಗಂಟೆಗೆ, ಇಪ್ಪತ್ತನೇ ತಾರೀಖು ಮಧ್ಯಾಹ್ನ ಮೂರೂವರೆಗೆ ಡಬ್ಬಿಯೊಳಗೆ ಫೋನು ಗುರ್ರೆಂದಿತು. ಮೂರೂ ಸಲ ಬೇರೊಬ್ಬಳ ಕೈ ಸ್ಟೀರಿಂಗಿನ ಮೇಲಿತ್ತು. ಮೂರೂ ಸಲ ಬ್ರೇಕಕ್ಕನ ಕೈ ತೊಡೆ ಬಿಟ್ಟು ಏಳಲಿಲ್ಲ. ನಾನು ಹಿಂದಿನಿಂದ ಕೈ ಚಾಚಿದರೆ “ಬೇಡ ಅತ್ತಿಗೆ, ಆ ಸದ್ದಿಗೇ ಹುಡುಗಿ ಹೆದರ್ತಾಳೆ, ಇನ್ನು ನಿಮ್ಮ ಕೈ ಬೇರೆ” ಎಂದಳು. ಸಂಜೆ ಆ ನಂಬರಿಗೆ ತಿರುಗಿ ಮಾಡಿದರೆ ಈ ಸಂಖ್ಯೆಗೆ ಕರೆ ಹೋಗುವುದಿಲ್ಲ ಎನ್ನುತ್ತದೆ ಯಂತ್ರ. ಅವರು ನಮ್ಮನ್ನು ಕರೆಯಬಹುದು, ನಾವು ಅವರನ್ನು ಕರೆಯುವಂತಿಲ್ಲ! ಪಾಲಿಸಿಯ ಮೇಲೆ ಅಚ್ಚಾಗಿದ್ದ ಕಂಪನಿಯ ದೊಡ್ಡ ನಂಬರಿಗೆ ಮಾಡಿ ನಲವತ್ತು ನಿಮಿಷ ಅವರ ಸಂಗೀತ ಕೇಳಿದೆವು. ಕೊನೆಗೆ ಒಂದು ಹುಡುಗಿ “ನಿಮ್ಮ ಕೋರಿಕೆ ದಾಖಲಾಗಿದೆ ಮೇಡಂ, ನೀವೇನೂ ಮಾಡ್ಬೇಕಾಗಿಲ್ಲ” ಎಂದಳು.

ಬ್ರೇಕಕ್ಕ ನಂಬಿದಳು. ತಪ್ಪೆಂದರೆ ಅವಳದು ಇದೊಂದೇ. ಅವಳ ಕಾರಿನಲ್ಲಿ ಒಂದು ಮಾತು ಬಾಯಿಂದ ಬಿತ್ತೆಂದರೆ ಕಾಲು ಪೆಡಲಿಗೆ ಬಿದ್ದ ಹಾಗೆ. ಹೇಳಿದ್ದು, ಆಗಿದ್ದು, ಎರಡರ ನಡುವೆ ಉಸಿರಾಡುವಷ್ಟೂ ಜಾಗವಿರುವುದಿಲ್ಲ. ಆ ನಡುವಿನ ಜಾಗದಲ್ಲೇ ಅಂಗಡಿ ಇಟ್ಟುಕೊಂಡು ಬದುಕುವ ಜನರಿದ್ದಾರೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಇಪ್ಪತ್ತಾರಕ್ಕೆ ಮೆಸೇಜು ಬಂತು. ಮೂರು ಬಾರಿ ಕರೆ ಮಾಡಿದರೂ ಉತ್ತರಿಸದ ಕಾರಣ ನಿಮ್ಮ ಕೋರಿಕೆಯನ್ನು ಮುಚ್ಚಲಾಗಿದೆ. ಹದಿನಾಲ್ಕು ದಿನಗಳ ಅವಧಿ ನಿನ್ನೆಗೆ ಮುಗಿದಿದೆ. ಇನ್ನು ರದ್ದು ಮಾಡಬೇಕಾದರೆ ಶುಲ್ಕ ಅನ್ವಯಿಸುತ್ತದೆ. ಬೇಡ ಎಂದು ಆರನೇ ದಿನಕ್ಕೇ ಬಾಯಿಬಿಟ್ಟು ಹೇಳಿದವಳಿಗೆ ಈ ಉತ್ತರ.

ಡ್ರೈವಿಂಗ್ ಕಲಿಸುವವರಿಗೆಂದೇ ಪಾಲಿಸಿ ಕೊಡುವ ಇನ್ನೊಂದು ಕಂಪನಿಯನ್ನು ಬ್ರೇಕಕ್ಕ ಹುಡುಕಿಟ್ಟಿದ್ದಳು. ಅವರೋ, ಒಂದೇ ಕಾರಿಗೆ ಎರಡು ಪಾಲಿಸಿ ಕೊಡೋಲ್ಲ, ಅದನ್ನು ಬಿಡಿಸಿಕೊಂಡು ಬನ್ನಿ ಎಂದರು. ಇಪ್ಪತ್ತೇಳರ ಬೆಳಿಗ್ಗೆ ಪಾಠಗಳನ್ನೆಲ್ಲ ನಿಲ್ಲಿಸಿ ನಾವಿಬ್ಬರೂ ಸುಳ್ಳು ಪಾಲಿಸಿ ಕಳಿಸಿದ ಆ ಕಂಪನಿಯ ಆಫೀಸಿಗೆ ಹೋದೆವು.

ಗಾಜಿನ ಬಾಗಿಲು, ಕೊರೆಯುವ ತಣ್ಣನೆ ಗಾಳಿ, ಟೋಕನ್ ಕೊಡುವ ಯಂತ್ರ. ಗೋಡೆಯ ಮೇಲೆ ನಗುತ್ತಿರುವ ಒಂದು ಸಂಸಾರ, ಅವರ ಹಿಂದೆ ಒಂದು ಗೀರೂ ಇಲ್ಲದ ಕಾರು. ಒಂದೂವರೆ ಗಂಟೆ ಕಾದ ಮೇಲೆ ಟೈ ಕಟ್ಟಿದ ಅಧಿಕಾರಿಯೊಬ್ಬನ ಮೇಜಿಗೆ ಕಳಿಸಿದರು. ಮೂವತ್ತರ ಒಳಗಿನವನು. ಮಾತಾಡುವಾಗ ನಮ್ಮನ್ನು ನೋಡದೆ ಪರದೆಯನ್ನೇ ನೋಡುತ್ತಿದ್ದ.

“ರದ್ದು ಮಾಡೋಣ ಮೇಡಂ. ಕಟ್ಟಿದ್ದರಲ್ಲಿ ಕಾಲು ಭಾಗ ರದ್ದು ಶುಲ್ಕ, ಆಮೇಲೆ ಕಾಗದದ ವೆಚ್ಚ. ಕಾರಣ ಒಂದು ಆರಿಸ್ಬೇಕು. ನಿಮ್ಮದಕ್ಕೆ...” ಪರದೆಯ ಮೇಲೆ ಕೆಳಗಿಳಿಯುತ್ತ ಹೋದ. “ಹಾಂ. ಗ್ರಾಹಕರು ತಪ್ಪು ಮಾಹಿತಿ ನೀಡಿದ್ದಾರೆ.”

“ಯಾರು ತಪ್ಪು ಮಾಹಿತಿ ಕೊಟ್ಟಿದ್ದು?”

“ನೀವು. ಬದಲಾವಣೆ ಇಲ್ಲ ಅಂತ ಫಾರಮ್ಮಿನಲ್ಲಿದೆ, ಕಾರಲ್ಲಿ ಪೆಡಲಿದೆ. ಹೇಳದೆ ಮಾಡಿಸಿದ ಬದಲಾವಣೆ ಆಯ್ತಲ್ಲ. ಅದನ್ನ ಬಿಚ್ಚಿಸಿಬಿಟ್ರೆ ಪಾಲಿಸಿ ಸರಿಹೋಗುತ್ತೆ, ರದ್ದೂ ಬೇಡ.”

ಬಿಚ್ಚಿಸುವುದಂತೆ! ಮೂರು ದಿನ ಬೆನ್ನು ನೆಲಕ್ಕೆ ಹಾಕಿ ನನ್ನ ಯಜಮಾನರು ಕೂರಿಸಿದ್ದನ್ನು, ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮಕ್ಕಳ, ಎಷ್ಟು ನಾಯಿಗಳ ಜೀವ ಉಳಿಸಿದ್ದನ್ನು, ಪರದೆಯಲ್ಲಿ ಒಂದು ಸಾಲು ಸರಿಹೋಗಲಿ ಎಂದು ಬಿಚ್ಚಿಸುವುದು! ನಾನು ಏನೋ ಅನ್ನಲು ಬಾಯಿ ತೆರೆದೆ. ಬ್ರೇಕಕ್ಕ ನನ್ನ ಮೊಣಕೈ ಒತ್ತಿದಳು.

“ಆ ಕಾರಣ ಹಾಕಿದ್ರೆ ಆ ಇನ್ನೊಂದು ಕಂಪ್ನಿಯವರಿಗೆ ಕಾಣುತ್ತಾ?”

“ಎಲ್ಲ ಕಂಪನಿಯವರಿಗೂ ಕಾಣುತ್ತೆ ಮೇಡಂ.”

ಅಲ್ಲಿಗೆ ಗೊತ್ತಾಯಿತು. ಕಾಲು ಭಾಗ ದುಡ್ಡು ಹೋದರೆ ಹಲ್ಲು ಕಚ್ಚಿ ಸಹಿಸಬಹುದಿತ್ತು. ಆದರೆ ಸುಳ್ಳುಗಾತಿ ಎಂದು ಬರೆದ ಮೇಲೆ ಅವಳ ಕಾರಿಗೆ ಯಾರೂ ವಿಮೆ ಕೊಡುವುದಿಲ್ಲ, ವಿಮೆ ಇಲ್ಲದೆ ಕಾರು ಬೀದಿಗೆ ಇಳಿಯುವುದಿಲ್ಲ. ತಾವು ಮಾಡಿದ್ದಕ್ಕೆ ಅವಳ ತಲೆಯ ಮೇಲೆ ಗೂಬೆ ಕೂರಿಸಿ, ಆ ಗೂಬೆಗೆ ಶುಲ್ಕವನ್ನೂ ಅವಳಿಂದಲೇ ಕೇಳುತ್ತಿದ್ದರು.

“ಕಂಪ್ನಿಯವರ ತಪ್ಪು ಅಂತ ಒಂದು ಕಾರಣ ಇಲ್ವಾ ನಿಮ್ಮ ಪಟ್ಟೀಲಿ?”

ಅವನು ನಿಜವಾಗಿಯೂ ಹುಡುಕಿ ನೋಡಿದ. “ಇಲ್ಲ ಮೇಡಂ.”

“ಫೋನ್ ಹಿಡಿದ ತಕ್ಷಣ ಈ ಮಾತುಕತೆ ರೆಕಾರ್ಡ್ ಆಗ್ತಿದೆ ಅಂತ ಹೇಳ್ತೀರಲ್ಲ. ಹನ್ನೊಂದನೇ ತಾರೀಖಿಂದು ಹಾಕಿ.”

“ಅದು ಗ್ರಾಹಕರಿಗಲ್ಲ. ನಮ್ಮ ಸಿಬ್ಬಂದಿಗೆ ತರಬೇತಿ ಕೊಡೋಕೆ.”

ಬ್ರೇಕಕ್ಕ ಎದ್ದಳು. ಹೊರಟಳು ಎಂದುಕೊಂಡೆ. ಕುರ್ಚಿಯನ್ನು ಎತ್ತಿಕೊಂಡು ಮೇಜು ಸುತ್ತಿ ಅವನ ಪಕ್ಕಕ್ಕೆ ಹೋಗಿ, ಪರದೆ ಕಾಣುವ ಹಾಗೆ ಕುಳಿತಳು. ಎರಡೂ ಕೈ ತೊಡೆಯ ಮೇಲೆ. ನನಗೆ ಆ ಕೂರುವ ರೀತಿ ಚೆನ್ನಾಗಿ ಗೊತ್ತು.

“ನಾನೂ ತರಬೇತಿ ಕೊಡೋಳೇ ಕಣಪ್ಪ. ಹೆದರ್ಬೇಡ. ನಿಧಾನ. ಮೊದಲು ನನ್ನ ನಂಬರ್ ಹಾಕು.”

“ಮೇಡಂ, ನೀವು ಈ ಕಡೆ ಬರೋ ಹಾಗಿಲ್ಲ...”

“ಬಂದಾಯ್ತಲ್ಲ. ಈಗ ಮುಂದೆ ನೋಡು, ನನ್ನನ್ನ ನೋಡ್ಬೇಡ. ಹಾಕು ನಂಬರು.”

ನಮ್ಮ ಹಿಂದೆ ಕಾದಿದ್ದವರು ಎದ್ದು ನಿಂತು ನೋಡತೊಡಗಿದರು. ಮುಖ ಕೆಂಪಾದರೂ ಅವನ ಬೆರಳು ಹೇಗೋ ಅವಳ ಮಾತು ಕೇಳಿತು. ಇಪ್ಪತ್ತಾರು ವರ್ಷ ನಡುಗುವ ಕೈಗಳಿಗೆ ಹೇಳಿ ಹೇಳಿ ಪಳಗಿದ ದನಿ ಅದು.

“ಆ ರೆಕಾರ್ಡಲ್ಲಿ ಏನಿದೆ ಅಂತ ನಿಮಗೇನು ಗೊತ್ತು ಅಂತೀಯಾ? ಅತ್ತಿಗೆ, ಹೇಳಿ.”

ನಾನು ಹೇಳಿದೆ. ಅವನು ಕೇಳಿದ್ದು, ಇವಳು ಹೇಳಿದ್ದು, ಡಬಲ್ ಸೇಫ್ಟಿ, ‘ಸರಿಯಾಗಿ ಹೇಳು’ ಅಂದದ್ದು, ಒಂದು ಪೈಸೆ ಹಿಡಿಯಲ್ಲ ಅಂದದ್ದು, ಲಾರಿಯ ಹಾಡು, ಲೇಟಾಗಿ ಬಂದ ಹುಡುಗಿ. ಆಮೇಲೆ ಅವನು ಗುಂಡಿ ಒತ್ತಿದ. ಮೇಜಿನ ಸಣ್ಣ ಪೆಟ್ಟಿಗೆಯಿಂದ ಎಲ್ಲವೂ ಅದೇ ಸಾಲಿನಲ್ಲಿ ಹೊರಬಂತು. ಕೊನೆಗೆ “ಅಕ್ಕ, ಲೇಟಾಯ್ತು, ಬೈಬೇಡಿ” ಕೂಡ. ಹಿಂದೆ ನಿಂತವರಲ್ಲಿ ಯಾರೋ ಒಬ್ಬರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಈ ಮಾತೆಲ್ಲ ಹದಿನಾರು ದಿನದಿಂದ ಇವರ ಬಳಿಯೇ ಇತ್ತು! ನಿಜ ಕೈಯಲ್ಲೇ ಇದ್ದೂ, ಅದನ್ನು ಕೇಳಿ ನೋಡುವ ಗೋಜಿಗೆ ಹೋಗದೆ, ಮರ್ಯಾದಸ್ಥೆಯೊಬ್ಬಳನ್ನು ಸುಳ್ಳುಗಾತಿ ಎಂದು ಬರೆಯಲು ಕೂತಿದ್ದರು.

ಟೈನವನು ಟೈ ಸಡಿಲ ಮಾಡಿಕೊಂಡ. ದನಿ ತಗ್ಗಿಸಿದ. “ಮೇಡಂ, ನಾನೊಂದು ಸಹಾಯ ಮಾಡ್ತೀನಿ. ‘ಕಾರು ಮಾರಾಟವಾಗಿದೆ’ ಅಂತ ಕಾರಣ ಹಾಕ್ತೀನಿ. ಶುಲ್ಕ ಇಲ್ಲ, ಕೆಟ್ಟ ಹೆಸರೂ ಇಲ್ಲ. ಸುಲಭವಾಗಿ ಮುಗಿಯುತ್ತೆ.” ಅವನ ಬೆರಳು ಗುಂಡಿಯತ್ತ ಇಳಿಯಿತು.

“ಬ್ರೇಕ್!”

ಇಡೀ ಆಫೀಸು ನಿಂತುಹೋಯಿತು. ಟೋಕನ್ ಯಂತ್ರದ ಮುಂದಿದ್ದವನ ಕೈಯಿಂದ ಚೀಟಿ ಬಿತ್ತು. ಟೈನವನ ಬೆರಳು ಗಾಳಿಯಲ್ಲೇ ಉಳಿಯಿತು.

“ಕಾರು ಹೊರಗಡೆ ನಿಂತಿದೆ. ಮಾರಿಲ್ಲ, ಮಾರೋದೂ ಇಲ್ಲ. ನಾನು ಹೇಳದೇ ಇರೋ ಸುಳ್ಳಿಗೆ ಶುಲ್ಕ ಕೇಳಿದ್ರಿ. ಈಗ ನಿಜವಾಗ್ಲೂ ಒಂದು ಸುಳ್ಳು ಹೇಳಿಸಿ ಸಹಾಯ ಅಂತೀಯ. ನಾಳೆ ಅದೇ ಕಾರನ್ನ ತಗೊಂಡು ಆ ಕಂಪ್ನಿ ಮುಂದೆ ಹೇಗೆ ನಿಲ್ಲಲಿ?” ದನಿ ಮತ್ತೆ ಮೊದಲಿನಷ್ಟೇ ಮೆತ್ತಗಾಗಿತ್ತು. ಆದರೆ ತೊಡೆಯ ಮೇಲಿನ ಕೈಗಳು ಮುಷ್ಟಿಯಾಗಿದ್ದವು. “ಪಟ್ಟಿ ಕೊನೇಲಿ ಏನಿದೆ?”

“ಇತರೆ. ಆದ್ರೆ ನಲವತ್ತು ಅಕ್ಷರ ಮಾತ್ರ ಹಿಡಿಯುತ್ತೆ.”

“ನಮ್ಮ ತಪ್ಪು ಅಂತ ಬರಿ. ಆರಕ್ಷರಾನೂ ಇಲ್ಲ.”

“ಮೇಡಂ, ನನ್ನ ಕೆಲಸ ಹೋಗುತ್ತೆ.” ಮೊದಲ ಬಾರಿಗೆ ಅವನು ಪರದೆ ಬಿಟ್ಟು ಅವಳ ಮುಖ ನೋಡಿದ. ಅದು ನಿಜವಾದ ಹೆದರಿಕೆ. ಹೊಸದಾಗಿ ಸ್ಟೀರಿಂಗ್ ಹಿಡಿದವರ ಕಣ್ಣಲ್ಲಿ ಅದನ್ನು ದಿನವೂ ನೋಡುವವಳು ಅವಳು. ಮುಷ್ಟಿ ಬಿಚ್ಚಿದಳು.

“ಹಾಗಿದ್ರೆ ಆದದ್ದನ್ನ ಬರಿ. ಫೋನಲ್ಲಿ ಹೇಳಿದ್ದು ಪಾಲಿಸೀಲಿ ಬಂದಿಲ್ಲ. ಯಾರ ತಪ್ಪು ಅಂತ ಓದಿದವರೇ ತಿಳ್ಕೊಳ್ಲಿ.”

ಬರೆದ. ನಲವತ್ತರೊಳಗೆ ಹಿಡಿಯಿತು. ರದ್ದು ಶುಲ್ಕ ಹೋಯಿತು. ಕಾಗದದ ವೆಚ್ಚ ಮಾತ್ರ ಹೋಗಲಿಲ್ಲ. ಎಷ್ಟು ಒತ್ತಿದರೂ ಯಂತ್ರ ಅದನ್ನು ಬಿಡಲಿಲ್ಲ. “ಅದು ನನ್ನ ಕೈಲಿಲ್ಲ” ಎಂದ. ಬೇಡದ ಪಾಲಿಸಿ, ಅದರ ಮೂರನೇ ಪುಟದಲ್ಲಿ ಸುಳ್ಳು, ಆ ಸುಳ್ಳನ್ನು ಅಚ್ಚು ಹಾಕಿದ ಕಾಗದಕ್ಕೂ ನಾವೇ ದುಡ್ಡು ತೆತ್ತೆವು. ಕ್ಷಮಿಸಿ ಎಂಬ ಒಂದು ಮಾತು ಅವನಿಂದಲೂ ಬರಲಿಲ್ಲ, ಆ ಕಂಪನಿಯಿಂದ ಇಂದಿನವರೆಗೂ ಬಂದಿಲ್ಲ. ರಸೀತಿಯನ್ನು ಬ್ರೇಕಕ್ಕ ನಾಲ್ಕು ಮಡಿಕೆ ಮಾಡಿ ಫೋನಿಡುವ ಡಬ್ಬಿಯಲ್ಲೇ ಇಟ್ಟಿದ್ದಾಳೆ.

ಬ್ರೇಕಕ್ಕ ಕಾರನ್ನು ಮನೆಗೆ ತಂದಳು. ಗೇಟಿನ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, “ಅತ್ತಿಗೆ, ನೀವು ಹಿಂದಿನ ಸೀಟಲ್ಲಿ ಇರ್ದೇ ಇದ್ದಿದ್ರೆ ನಾನೇ ತಪ್ಪು ಹೇಳಿದ್ನೇನೋ ಅಂತ ಅನುಮಾನ ಬಂದ್ಬಿಡೋದು. ಅಷ್ಟು ಗಟ್ಟಿಯಾಗಿ ಹೇಳ್ತಾರೆ ಅವರು” ಎಂದಳು. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದ ಎಷ್ಟು ಜನ ಅಂಥ ಮೇಜುಗಳ ಮುಂದೆ ತಾವೇ ತಪ್ಪು ಮಾಡಿದೆವೆಂದು ತಲೆ ತಗ್ಗಿಸಿ, ದುಡ್ಡು ಕೊಟ್ಟು ಎದ್ದು ಹೋಗಿರಬಹುದು?

ಇನ್ನೊಂದು ಕಂಪನಿಯ ಪಾಲಿಸಿ ಒಂದನೇ ತಾರೀಖಿಗೆ ಬಂತು. ನಾವಿಬ್ಬರೂ ಕೂತು ಒಂದೊಂದು ಪುಟವನ್ನೂ ನೋಡಿದೆವು. ಅವಳು ಓದಿದಳು, ನಾನು ಕೇಳಿಸಿಕೊಂಡೆ. ಎರಡು ಬ್ರೇಕು: ಇದೆ. ಕಲಿಯುವವರು: ಸೇರುತ್ತಾರೆ.

ಮೂರಕ್ಕೆ ಮೈದಾನದಲ್ಲಿ ಪರೀಕ್ಷಕ ಆ ಪಾಲಿಸಿಯನ್ನು ತಿರುವಿ ನೋಡಿ ಪಕ್ಕದ ಸೀಟಿನಲ್ಲಿ ಕುಳಿತ. ದಾದಿ ಹುಡುಗಿ ಒಮ್ಮೆ ನಮ್ಮತ್ತ ನೋಡಿ ಕಾರು ಹೊರಡಿಸಿದಳು. ನಾವಿಬ್ಬರೂ ಗೋಡೆಯ ಪಕ್ಕ ನಿಂತಿದ್ದೆವು. ಕೊನೆಯ ತಿರುವಿನಲ್ಲಿ, ಅವಳು ಎರಡು ಸಲ ಫೇಲಾದ ಜಾಗದಲ್ಲಿ, ಕಾರು ಕಂಬದ ಕಡೆಗೆ ಸ್ವಲ್ಪ ಹೆಚ್ಚೇ ವಾಲಿತು. ಬ್ರೇಕಕ್ಕ ಬಾಯಿ ಬಿಗಿಹಿಡಿದಿದ್ದಳು. ಅವಳ ಬಲಗಾಲು ಮಾತ್ರ ಪೆಡಲಿಲ್ಲದ ಮಣ್ಣನ್ನು ಒತ್ತಿ ಒತ್ತಿ ಹಿಮ್ಮಡಿಯಡಿ ಗುಳಿ ಮಾಡಿತ್ತು. ಹುಡುಗಿ ತಾನೇ ಬ್ರೇಕು ಹಾಕಿ, ಒಂದು ಗೇಣು ಹಿಂದಕ್ಕೆ ತೆಗೆದುಕೊಂಡು, ಸರಿಮಾಡಿಕೊಂಡು ಆ ತಿರುವು ದಾಟಿದಳು.

“ಹಿಂದಕ್ಕೆ ತೆಗೆಯೋದನ್ನ ಮೊದಲು ಕಲಿಸಿದ್ದು ಒಳ್ಳೇದಾಯ್ತು” ಎಂದಳು ಬ್ರೇಕಕ್ಕ, ಕಾಲು ಇನ್ನೂ ಆ ಗುಳಿಯಲ್ಲೇ ಇಟ್ಟುಕೊಂಡು.